ಈ ಕಲ್ಲು ಎಲ್ಲಿಂದ ಬಂತು, ಯಾವಾಗ ಆಳಕ್ಕಿಳಿಯಿತು? ಅಧಿಕ ಒತ್ತಡದ ಶಿಲೆಗಳ ವಯಸ್ಸು ಮತ್ತು ಮೂಲ ಹುಡುಕುವ ಬಗೆ

ಇಟಲಿಯ ಆಲ್ಪ್ಸ್‌ನಲ್ಲಿ, ಮ್ಯಾಟರ್‌ಹಾರ್ನ್ ಶಿಖರದ ಹತ್ತಿರ, ಲಾಗೋ ಡಿ ಚಿನ್ಯಾನಾ ಎಂಬ ಕೆರೆಯಿದೆ. ಅಲ್ಲಿ ಎಕ್ಲೋಜೈಟ್ ಬಂಡೆಗಳಿವೆ, ಅಂದರೆ ಬಸಾಲ್ಟ್‌ನಂಥ ಕಲ್ಲು ಭೂಮಿಯ ಆಳಕ್ಕಿಳಿದು ಅಧಿಕ ಒತ್ತಡದಲ್ಲಿ ರೂಪ ಬದಲಿಸಿದ ಶಿಲೆ. ಅವಕ್ಕೆ ಬೇರೆ ಬೇರೆ ತಂಡಗಳು ಕೊಟ್ಟ ವಯಸ್ಸುಗಳನ್ನು ನೋಡಿ. ಗಾರ್ನೆಟ್ ಹರಳನ್ನು ಲುಟೀಷಿಯಂ–ಹಾಫ್ನಿಯಂ ವಿಧಾನದಲ್ಲಿ ಅಳೆದಾಗ ಸುಮಾರು 4.9 ಕೋಟಿ ವರ್ಷ ಬಂತು. ಜಿರ್ಕಾನ್ ಹರಳಿನ ಯುರೇನಿಯಂ–ಸೀಸ ವಿಧಾನದಲ್ಲಿ 4.4 ಕೋಟಿ. ಅದೇ ಗಾರ್ನೆಟ್ಟನ್ನು ಸಮೇರಿಯಂ–ನಿಯೋಡೈಮಿಯಂ ವಿಧಾನದಲ್ಲಿ ಅಳೆದರೆ ಸುಮಾರು 4.1 ಕೋಟಿ. ಅದೇ ಶಿಲಾಪಟ್ಟಿಯ ಗ್ಯಾಬ್ರೋಗಳ (ಕರಗಿದ ಕಲ್ಲು ನೆಲದೊಳಗೇ ತಣಿದು ಆದ ಶಿಲೆ) ಜಿರ್ಕಾನ್‌ಗಳು 16.4 ಕೋಟಿ ವರ್ಷ ಎನ್ನುತ್ತವೆ.

ಇದರಲ್ಲಿ ಯಾವುದು ಸರಿ? ನಾಲ್ಕೂ ಸರಿ. 16.4 ಕೋಟಿ ವರ್ಷದ ಹಿಂದೆ ಅದು ಸಾಗರದ ತಳದಲ್ಲಿ ಕರಗಿದ ಕಲ್ಲಾಗಿ ಹುಟ್ಟಿತು. ಆಮೇಲೆ ಭೂಫಲಕದ ಜೊತೆ ಕೆಳಗಿಳಿಯುತ್ತಾ ಗಾರ್ನೆಟ್ ಬೆಳೆಸಿಕೊಂಡಿತು. ಆಳದ ತುದಿ ಮುಟ್ಟುವ ಹೊತ್ತಿಗೆ ಜಿರ್ಕಾನ್ ಹೊಸ ಪದರ ಕಟ್ಟಿಕೊಂಡಿತು. ಗಾರ್ನೆಟ್ ಅಂಚುಗಳು ಇನ್ನೂ ಬೆಳೆಯುತ್ತಲೇ ಇದ್ದವು.

ಹಾಗಾಗಿ ಅಧಿಕ ಒತ್ತಡದ ಕಲ್ಲಿನ ವಯಸ್ಸು ಹುಡುಕುವಾಗ ಬರೀ ಅಂಕಿ ಪಡೆದರೆ ಕೆಲಸ ಮುಗಿಯುವುದಿಲ್ಲ. ಆ ಅಂಕಿ ಕಲ್ಲಿನ ಬದುಕಿನ ಯಾವ ಗಳಿಗೆಗೆ ಸೇರಿದ್ದು ಎಂದು ತೋರಿಸಬೇಕು. ಅದನ್ನು ತೋರಿಸಲು ಆಗದಿದ್ದರೆ, ಅಂಕಿ ಎಷ್ಟೇ ನಿಖರವಾಗಿದ್ದರೂ ಪ್ರಯೋಜನ ಕಡಿಮೆ. ಈ ಬರಹ ಆ ಕೆಲಸವನ್ನು ಹಂತ ಹಂತವಾಗಿ ಹೇಳುತ್ತದೆ. ಭೂವಿಜ್ಞಾನ ಓದುತ್ತಿರುವವರು, ಸಂಶೋಧನೆಗೆ ಕೈಹಾಕುತ್ತಿರುವವರು ಮನಸ್ಸಿನಲ್ಲಿದ್ದಾರೆ. ಆದರೆ ಕಲ್ಲಿನ ಮೇಲೆ ಪ್ರೀತಿ ಇರುವ ಯಾರು ಬೇಕಾದರೂ ಓದಬಹುದು.

ಮೊದಲು ಪ್ರಶ್ನೆ ಬರೆದಿಟ್ಟುಕೊಳ್ಳಿ

ಲ್ಯಾಬ್‌ಗೆ ಹೋಗುವ ಮುಂಚೆಯೇ ನಿಮಗೆ ಬೇಕಾದದ್ದು ಯಾವ ವಯಸ್ಸು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಮೂಲ ಕಲ್ಲು ಹುಟ್ಟಿದ ಕಾಲವೇ? ಆಳಕ್ಕಿಳಿಯಲು ಶುರುಮಾಡಿದ ಕಾಲವೇ? ಒತ್ತಡ ತುದಿಗೇರಿದ ಕಾಲವೇ? ಮೇಲಕ್ಕೆ ಬಂದು ತಣಿದ ಕಾಲವೇ? ಒಂದೊಂದಕ್ಕೂ ಬೇರೆ ಖನಿಜ, ಬೇರೆ ವಿಧಾನ. ಯಾವುದೋ ಒಂದು ಯಂತ್ರ ಕೈಗೆ ಸಿಕ್ಕಿತು ಎಂದು ಸುಮ್ನೆ ಅಳೆಯಲು ಹೊರಟರೆ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರುತ್ತದೆ.

ಫೀಲ್ಡ್‌ನಲ್ಲಿ: ಒಡೆದು ಒಳಗೆ ನೋಡಿ

ಹೆಚ್ಚಿನ ಕಡೆ ಎಕ್ಲೋಜೈಟ್ ದೊಡ್ಡ ಹಾಸಾಗಿ ಸಿಗುವುದಿಲ್ಲ. ನೈಸ್ ಅಥವಾ ಶಿಸ್ಟ್ ಕಲ್ಲಿನ (ಎರಡೂ ಪಟ್ಟೆ ಅಥವಾ ಪದರಗಳಿರುವ ರೂಪಾಂತರ ಶಿಲೆಗಳು) ನಡುವೆ ಗುಂಡು ಗುಂಡಾದ ತುಂಡುಗಳಾಗಿ ಹುದುಗಿರುತ್ತದೆ. ಹೊರಗಿನಿಂದ ಕಪ್ಪಗೆ ಕಾಣುತ್ತದೆ. ಮೇಲಕ್ಕೆ ಬರುವ ದಾರಿಯಲ್ಲಿ ನೀರು ನುಗ್ಗಿ ಅಂಚು ಆಂಫಿಬೊಲೈಟ್ ಎಂಬ ಬೇರೆ ಕಲ್ಲಾಗಿರುತ್ತದೆ. ಅದನ್ನೇ ಕಿತ್ತುಕೊಂಡು ಬಂದರೆ ಅಧಿಕ ಒತ್ತಡದ ಕಥೆ ಅರ್ಧ ಅಳಿಸಿಹೋಗಿರುತ್ತದೆ. ದೊಡ್ಡ ಸುತ್ತಿಗೆ ತೆಗೆದುಕೊಂಡು ಗುಂಡಿನ ನಡುಭಾಗ ಮುಟ್ಟುವ ತನಕ ಒಡೆಯಿರಿ. ಹೊಸದಾಗಿ ಒಡೆದ ಮುಖದಲ್ಲಿ ಹುಲ್ಲುಹಸಿರು ಬಣ್ಣದ ಓಂಫಸೈಟ್ ಖನಿಜದ ನಡುವೆ ಕೆಂಪು ಗಾರ್ನೆಟ್ ಚುಕ್ಕಿಗಳು ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಕೈಯಲ್ಲಿ ಎತ್ತಿದರೆ ಗಾತ್ರಕ್ಕಿಂತ ತೂಕ ಜಾಸ್ತಿ ಎನಿಸುತ್ತದೆ. ಬಸಾಲ್ಟ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.9ರಿಂದ 3.0 ಗ್ರಾಂ ಇದ್ದರೆ, ಅದೇ ಬಸಾಲ್ಟ್ ಎಕ್ಲೋಜೈಟ್ ಆದಾಗ 3.3 ದಾಟುತ್ತದೆ. ಇನ್ನೊಂದು ಅಧಿಕ ಒತ್ತಡದ ಕಲ್ಲಾದ ಬ್ಲೂಶಿಸ್ಟ್ ಸಿಕ್ಕರೆ, ಅದರ ಗ್ಲಾಕೋಫೇನ್ ಖನಿಜದ ನೀಲಿ ಬಣ್ಣವೇ ಹೇಳಿಬಿಡುತ್ತದೆ.

ಒಂದೇ ಗುಂಡಿನಿಂದ ಮೂರು ಮಾದರಿ ತೆಗೆಯಿರಿ: ನಡುಭಾಗ, ಅಂಚು, ಮತ್ತು ಅದನ್ನು ಸುತ್ತುವರಿದ ನೈಸ್. ಮೂರಕ್ಕೂ ಬೇರೆ ಚೀಲ, ಬೇರೆ ಗುರುತು. ಸುತ್ತಲಿನ ನೈಸ್ ಯಾಕೆ ಬೇಕು ಎಂದು ಕೇಳಬಹುದು. ಎಕ್ಲೋಜೈಟ್ ಮತ್ತು ನೈಸ್ ಒಟ್ಟಿಗೇ ಆಳಕ್ಕೆ ಹೋದವೇ, ಇಲ್ಲ ಎಲ್ಲೋ ಮೇಲೆ ಬಂದು ಸೇರಿಕೊಂಡವೇ ಎಂಬ ಪ್ರಶ್ನೆಗೆ ಉತ್ತರ ಆ ನೈಸ್‌ನಲ್ಲಿರುತ್ತದೆ. ಅದಿಲ್ಲದೆ ಮೂಲದ ಬಗ್ಗೆ ಮಾತಾಡುವುದೇ ಕಷ್ಟ.

ಜಿರ್ಕಾನ್ ಬೇಕಿದ್ದರೆ ಕೆಲವು ಕಿಲೋ ಕಲ್ಲು ತನ್ನಿ. ಬಸಾಲ್ಟ್ ಮೂಲದ ಕಲ್ಲಿನಲ್ಲಿ ಜಿರ್ಕಾನ್ ತೀರಾ ಕಮ್ಮಿ.

ಥಿನ್ ಸೆಕ್ಷನ್: ಇಡೀ ಕೆಲಸದ ಬುನಾದಿ

ತಂದ ಕಲ್ಲನ್ನು ನೇರವಾಗಿ ಕ್ರಷರ್‌ಗೆ ಹಾಕಬೇಡಿ. ಮೊದಲು ಥಿನ್ ಸೆಕ್ಷನ್ (ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಬಿಲ್ಲೆ) ಮಾಡಿಸಿ, ಮೈಕ್ರೋಸ್ಕೋಪ್ ಕೆಳಗೆ ಸಮಾಧಾನವಾಗಿ ಕೂತು ನೋಡಿ. ಯಾವ ಖನಿಜ ಯಾವುದರ ಒಳಗೆ ಸಿಕ್ಕಿಕೊಂಡಿದೆ, ಯಾವುದು ಯಾವುದನ್ನು ತಿಂದುಹಾಕಿದೆ ಎಂದು ಚಿತ್ರ ಬರೆದುಕೊಳ್ಳಿ. ಗಾರ್ನೆಟ್ ನಡುವೆ ಇರುವ ಖನಿಜಗಳು ಇಳಿಯುವ ದಾರಿಯವು. ಅಂಚಿನಲ್ಲಿ ಇರುವವು ತುದಿಯ ಹತ್ತಿರದವು. ಓಂಫಸೈಟ್ ಸುತ್ತ ಬೆರಳಚ್ಚಿನಂಥ ಸಣ್ಣ ಗೆರೆಗಳ ಪ್ಲಾಜಿಯೋಕ್ಲೇಸ್–ಪೈರಾಕ್ಸೀನ್ ಮಿಶ್ರಣ ಕಂಡರೆ, ಅದು ಮೇಲೇರುವಾಗ ಒತ್ತಡ ಕುಸಿದದ್ದರ ಗುರುತು.

ಇಲ್ಲಿ ಹುಡುಕಲೇಬೇಕಾದ ಒಂದು ಖನಿಜವಿದೆ, ಕೋಸೈಟ್. ಇದು ಕ್ವಾರ್ಟ್ಜ್‌ನ ದಟ್ಟ ರೂಪ. ಲೋರಿಂಗ್ ಕೋಸ್ 1953ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದರು. 1984ರಲ್ಲಿ ಕ್ರಿಶ್ಚಿಯನ್ ಶೋಪಾಂ ಪಶ್ಚಿಮ ಆಲ್ಪ್ಸ್‌ನ ಡೋರಾ ಮೈರಾದಲ್ಲಿ, ಡೇವಿಡ್ ಸ್ಮಿತ್ ನಾರ್ವೆಯಲ್ಲಿ ಇದನ್ನು ಗುರುತಿಸಿದರು. ಭೂಮಿಯ ಮೇಲ್ಪದರದ ಕಲ್ಲು 90–100 ಕಿಲೋಮೀಟರ್ ಆಳಕ್ಕೆ ಹೋಗಿ ತಿರುಗಿ ಬರಬಹುದು ಎಂಬುದು ಆಗ ನಂಬಲೇಬೇಕಾದ ಸಂಗತಿಯಾಯಿತು. ಕೋಸೈಟ್ ಹುಟ್ಟಲು ಸುಮಾರು 2.7 ಗಿಗಾಪ್ಯಾಸ್ಕಲ್ ಒತ್ತಡ ಬೇಕು.

ಅದು ಕಾಣುವ ಬಗೆ ಹೀಗೆ. ಗಾರ್ನೆಟ್ ಒಳಗೆ ಒಂದು ಸಣ್ಣ ಹರಳು. ಅದರ ನಡುವೆ ಎದ್ದು ಕಾಣುವ ಸ್ವಚ್ಛ ತುಣುಕು, ಅದೇ ಉಳಿದ ಕೋಸೈಟ್. ಸುತ್ತ ಬೇಲಿಯ ಗೂಟಗಳಂತೆ ಒತ್ತಾಗಿ ನಿಂತ ಸಣ್ಣ ಸಣ್ಣ ಕ್ವಾರ್ಟ್ಜ್ ಹರಳುಗಳು. ಅಲ್ಲಿಂದ ಹೊರಟು ಗಾರ್ನೆಟ್ಟನ್ನು ಸೀಳಿಕೊಂಡು ಹೋದ ಬಿರುಕುಗಳು, ಎಲ್ಲ ದಿಕ್ಕಿಗೂ. ಕೋಸೈಟ್‌ನ ಸಾಂದ್ರತೆ 2.92, ಕ್ವಾರ್ಟ್ಜ್‌ನದು 2.65. ಮೇಲೇರುವಾಗ ಕೋಸೈಟ್ ಕ್ವಾರ್ಟ್ಜ್ ಆಗಿ ತಿರುಗಿದರೆ ಸುಮಾರು 10 ಶೇಕಡಾ ಹಿಗ್ಗುತ್ತದೆ. ಗಾರ್ನೆಟ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಕೊನೆಗೆ ಬಿರಿಯುತ್ತದೆ. ಅನುಮಾನ ಇದ್ದರೆ ಲೇಸರ್ ಬೆಳಕಿನಿಂದ ಖನಿಜ ಗುರುತಿಸುವ ರಾಮನ್ ಯಂತ್ರದಲ್ಲಿ ನೋಡಿ. ತರಂಗಸಂಖ್ಯೆ 521ರ ಹತ್ತಿರ ಗೆರೆ ಎದ್ದರೆ ಕೋಸೈಟ್, 464ರ ಹತ್ತಿರವಾದರೆ ಕ್ವಾರ್ಟ್ಜ್. ಬರೀ ಬಿರುಕು ನೋಡಿ ಕೋಸೈಟ್ ಇತ್ತು ಎಂದು ಬರೆದುಬಿಡಬೇಡಿ. ಬಿರುಕಿಗೆ ಬೇರೆ ಕಾರಣಗಳೂ ಇರುತ್ತವೆ.

ಒತ್ತಡ ಮತ್ತು ಬಿಸಿ ಅಳೆಯುವುದು

ಈ ಹಂತಕ್ಕೆ ಒಂದು ಪೂರ್ತಿ ಲೇಖನವೇ ಬೇಕು. ಇಲ್ಲಿ ಮುಖ್ಯವಾದದ್ದು ಮಾತ್ರ. ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿ ಗಾರ್ನೆಟ್, ಓಂಫಸೈಟ್, ಫೆಂಗೈಟ್ ಮೈಕಾಗಳ ಸಂಯೋಜನೆ ಅಳೆಯಿರಿ. ಗಾರ್ನೆಟ್–ಓಂಫಸೈಟ್ ನಡುವೆ ಕಬ್ಬಿಣ, ಮೆಗ್ನೀಸಿಯಂ ಹೇಗೆ ಹಂಚಿಕೊಂಡಿದೆ ಎಂಬುದು ಬಿಸಿ ಹೇಳುತ್ತದೆ. ಫೆಂಗೈಟ್‌ನಲ್ಲಿ ಸಿಲಿಕಾನ್ ಜಾಸ್ತಿ ಇದ್ದಷ್ಟೂ ಒತ್ತಡ ಜಾಸ್ತಿ. ರೂಟೈಲ್‌ನಲ್ಲಿರುವ ಜಿರ್ಕೋನಿಯಂ ಇನ್ನೊಂದು ಥರ್ಮಾಮೀಟರ್. ಥರ್ಮೋಕ್ಯಾಲ್ಕ್ ಅಥವಾ ಪರ್ಪ್ಲೆಕ್ಸ್‌ನಂಥ ಪ್ರೋಗ್ರಾಂನಲ್ಲಿ ಇಡೀ ಕಲ್ಲಿನ ಸಂಯೋಜನೆ ಕೊಟ್ಟು, ಯಾವ ಒತ್ತಡ–ಬಿಸಿಯಲ್ಲಿ ಯಾವ ಖನಿಜ ಸ್ಥಿರ ಎಂಬ ನಕ್ಷೆ ಮಾಡಿಕೊಳ್ಳಬಹುದು.

ಓಂಫಸೈಟ್‌ನಲ್ಲಿ ಎಷ್ಟು ಕಬ್ಬಿಣ ಫೆರಿಕ್ (ಹೆಚ್ಚು ಉತ್ಕರ್ಷಿತ) ರೂಪದಲ್ಲಿದೆ ಎಂದು ಮೈಕ್ರೋಪ್ರೋಬ್ ನೇರವಾಗಿ ಹೇಳುವುದಿಲ್ಲ. ಅದೊಂದರಿಂದಲೇ ಬಿಸಿಯ ಲೆಕ್ಕ ಹತ್ತಾರು ಡಿಗ್ರಿ ಅತ್ತಿತ್ತ ಆಗಬಹುದು. ಆದ್ದರಿಂದ ಕನಿಷ್ಠ ಎರಡು ಬೇರೆ ದಾರಿಗಳಲ್ಲಿ ಲೆಕ್ಕ ಹಾಕಿ, ಎರಡೂ ಒಪ್ಪಿದರೆ ಮಾತ್ರ ಮುಂದೆ ಹೋಗಿ.

ಗಾರ್ನೆಟ್‌ನ ರಾಸಾಯನಿಕ ನಕ್ಷೆಯನ್ನು ತಪ್ಪದೇ ಮಾಡಿಸಿ. ಮ್ಯಾಂಗನೀಸ್ ನಡುವೆ ಜಾಸ್ತಿ, ಅಂಚಿಗೆ ಕಮ್ಮಿ ಇದ್ದರೆ ಗಾರ್ನೆಟ್ ಬೆಳೆದಾಗಿನ ದಾಖಲೆ ಹಾಗೇ ಉಳಿದಿದೆ ಎಂದರ್ಥ. ನಕ್ಷೆ ಪೂರ್ತಿ ಸಪಾಟಾಗಿದ್ದರೆ ಬಿಸಿ ಅದನ್ನು ಅಳಿಸಿದೆ. ಮುಂದೆ ಗಾರ್ನೆಟ್ ವಯಸ್ಸು ಓದುವಾಗ ಈ ನಕ್ಷೆ ಮತ್ತೆ ಬೇಕಾಗುತ್ತದೆ.

ಯಾವ ಗಡಿಯಾರ ಹಿಡಿಯಬೇಕು?

ಎಲ್ಲ ವಿಧಾನಗಳ ತಿರುಳು ಒಂದೇ. ಒಂದು ಮೂಲವಸ್ತು ಗೊತ್ತಿರುವ ವೇಗದಲ್ಲಿ ಇನ್ನೊಂದಾಗಿ ಬದಲಾಗುತ್ತದೆ. ಎರಡರ ಪ್ರಮಾಣ ಅಳೆದರೆ ಕಾಲ ಸಿಗುತ್ತದೆ. ಯುರೇನಿಯಂ-238 ಅರ್ಧದಷ್ಟು ಸೀಸ-206 ಆಗಲು 446.8 ಕೋಟಿ ವರ್ಷ ಬೇಕು. ಯುರೇನಿಯಂ-235ಕ್ಕೆ 70.4 ಕೋಟಿ. ಲುಟೀಷಿಯಂ-176ಕ್ಕೆ ಸುಮಾರು 3,710 ಕೋಟಿ, ಸಮೇರಿಯಂ-147ಕ್ಕೆ ಸುಮಾರು 10,600 ಕೋಟಿ, ಪೊಟ್ಯಾಸಿಯಂ-40ಕ್ಕೆ ಸುಮಾರು 125 ಕೋಟಿ ವರ್ಷ.

ಆದರೆ ಹುಟ್ಟಿದ ವಸ್ತು ಹರಳಿನಿಂದ ಸೋರಿಹೋಗಬಾರದು. ಬಿಸಿ ಜಾಸ್ತಿ ಇದ್ದರೆ ಸೋರುತ್ತದೆ. ಒಂದು ಮಟ್ಟಕ್ಕಿಂತ ತಣಿದ ಮೇಲೆ ಸೋರುವುದು ನಿಂತು ಲೆಕ್ಕ ಶುರುವಾಗುತ್ತದೆ. ಆ ಮಟ್ಟವನ್ನು ಮುಚ್ಚುವ ತಾಪಮಾನ ಎನ್ನುತ್ತಾರೆ. ಮಾರ್ಟಿನ್ ಡಾಡ್ಸನ್ 1973ರಲ್ಲಿ ಇದರ ಗಣಿತ ಕೊಟ್ಟರು. ಜಿರ್ಕಾನ್‌ನಲ್ಲಿ ಸೀಸ 900 ಡಿಗ್ರಿ ದಾಟಿದರೂ ಕದಲುವುದಿಲ್ಲ. ಬಿಳಿ ಮೈಕಾದಲ್ಲಿ ಆರ್ಗಾನ್ ಸುಮಾರು 400–450 ಡಿಗ್ರಿಯಲ್ಲೇ ಓಡಾಡುತ್ತದೆ. ರೂಟೈಲ್‌ನ ಸೀಸ ನಡುವೆ ಎಲ್ಲೋ ಬರುತ್ತದೆ. ಹರಳಿನ ಗಾತ್ರ, ತಣಿಯುವ ವೇಗ ಎರಡೂ ಈ ಅಂಕಿಯನ್ನು ಬದಲಿಸುತ್ತವೆ. ಪುಸ್ತಕದ ಒಂದು ಸಂಖ್ಯೆಯನ್ನು ಕಣ್ಮುಚ್ಚಿ ಎತ್ತಿಕೊಳ್ಳಬೇಡಿ.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. 600 ಡಿಗ್ರಿಗಿಂತ ಕಮ್ಮಿ ಬಿಸಿಯಲ್ಲಿ ರೂಪುಗೊಂಡ ಎಕ್ಲೋಜೈಟ್ ಅಥವಾ ಬ್ಲೂಶಿಸ್ಟ್ ಆದರೆ ಗಾರ್ನೆಟ್ ಲುಟೀಷಿಯಂ–ಹಾಫ್ನಿಯಂ ಮೊದಲ ಆಯ್ಕೆ. ಅದಕ್ಕಿಂತ ಬಿಸಿಯಾದ ಕಲ್ಲಿಗೆ ಜಿರ್ಕಾನ್. ಇವೆರಡರಲ್ಲಿ ಒಂದನ್ನೂ ಮಾಡದೆ ಬರೀ ಮೈಕಾ ಆರ್ಗಾನ್ ವಯಸ್ಸಿನ ಮೇಲೆ ಅಧಿಕ ಒತ್ತಡದ ಕಾಲ ಹೇಳಬಾರದು.

ಜಿರ್ಕಾನ್: ಮೊದಲು ಚಿತ್ರ, ಆಮೇಲೆ ಅಳತೆ

ಕಲ್ಲನ್ನು ಪುಡಿಮಾಡಿ, ಜರಡಿ ಹಿಡಿದು, ಭಾರದ ದ್ರವ ಮತ್ತು ಆಯಸ್ಕಾಂತ ಬಳಸಿ ಜಿರ್ಕಾನ್ ಬೇರ್ಪಡಿಸುತ್ತಾರೆ. ಒಂದು ಮಾದರಿಯ ಜಿರ್ಕಾನ್ ಇನ್ನೊಂದಕ್ಕೆ ಸೇರಿದರೆ ಎಲ್ಲ ಕೆಟ್ಟಂತೆ. ಪ್ರತಿ ಮಾದರಿಯ ನಡುವೆ ಯಂತ್ರ, ಜರಡಿ ಎರಡನ್ನೂ ಬ್ರಷ್ ಹಾಕಿ ತೊಳೆಯಿರಿ. ಬೇರ್ಪಡಿಸಿದ ಹರಳುಗಳನ್ನು ಇಪಾಕ್ಸಿಯಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ ಹೊಳಪು ಮಾಡಿ.

ಈಗ ಕ್ಯಾಥೋಡೋಲ್ಯುಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಕಿರಣ ಬಿದ್ದಾಗ ಹರಳು ಬೀರುವ ಬೆಳಕಿನ ಚಿತ್ರ) ತೆಗೆಯಿರಿ. ಮೂಲ ಅಗ್ನಿಶಿಲೆಯಲ್ಲಿ ಹುಟ್ಟಿದ ಭಾಗ ಒಳಗೆ ಗೆರೆಗೆರೆಯಾಗಿ, ಒಪ್ಪವಾಗಿ ಕಾಣುತ್ತದೆ. ರೂಪಾಂತರದಲ್ಲಿ ಹುಟ್ಟಿದ ಅಂಚು ಮಾಸಲಾಗಿ, ಮೋಡದಂತೆ, ಗೆರೆಯಿಲ್ಲದೆ ಇರುತ್ತದೆ. ಎರಡನ್ನೂ ಸೇರಿಸಿ ಇಡೀ ಹರಳನ್ನು ಕರಗಿಸಿ ಅಳೆದರೆ ನಡುವಿನ ಒಂದು ವಯಸ್ಸು ಬರುತ್ತದೆ. ಆ ವಯಸ್ಸಿನಲ್ಲಿ ಏನೂ ನಡೆದಿರುವುದಿಲ್ಲ! ಶ್ರಿಂಪ್‌ನಂಥ ಅಯಾನ್ ಪ್ರೋಬ್ ಅಥವಾ ಲೇಸರ್ ಐಸಿಪಿಎಂಎಸ್ ಯಂತ್ರ ಬಳಸಿದರೆ 20–40 ಮೈಕ್ರಾನ್ ಚುಕ್ಕಿಯಲ್ಲಿ ಅಳೆಯಬಹುದು. ಚುಕ್ಕಿ ಗಡಿಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಅಂಚು 10 ಮೈಕ್ರಾನ್ ಮಾತ್ರ ಇದ್ದರೆ 30 ಮೈಕ್ರಾನ್ ಚುಕ್ಕಿ ಇಡುವುದರಲ್ಲಿ ಅರ್ಥವಿಲ್ಲ. ವಯಸ್ಸು ಗೊತ್ತಿರುವ ಜಿರ್ಕಾನ್‌ಗಳನ್ನು, ಉದಾಹರಣೆಗೆ 33.7 ಕೋಟಿ ವರ್ಷದ ಪ್ಲೆಶೋವಿಟ್ಸೆಯನ್ನು, ಪ್ರತಿ ಸರದಿಯಲ್ಲೂ ನಡುನಡುವೆ ಅಳೆಯುತ್ತಿರಿ. ಅದರ ವಯಸ್ಸು ಸರಿಯಾಗಿ ಬರದಿದ್ದರೆ ನಿಮ್ಮ ಮಾದರಿಯ ವಯಸ್ಸನ್ನೂ ನಂಬಬೇಡಿ.

ಅಂಚಿನ ವಯಸ್ಸು ಸಿಕ್ಕಿತು. ಅದು ಅಧಿಕ ಒತ್ತಡದಲ್ಲೇ ಬೆಳೆದದ್ದು ಎಂಬುದಕ್ಕೆ ಏನು ಸಾಕ್ಷಿ? ಅದೇ ಅಂಚಿನಲ್ಲಿ ವಿರಳ ಮೃತ್ತಿಕಾ ಧಾತುಗಳನ್ನು ಅಳೆಯಿರಿ. ಭಾರದ ಧಾತುಗಳನ್ನು ಗಾರ್ನೆಟ್ ಹೀರಿಕೊಳ್ಳುತ್ತದೆ. ಪಕ್ಕದಲ್ಲಿ ಗಾರ್ನೆಟ್ ಇದ್ದಾಗ ಬೆಳೆದ ಜಿರ್ಕಾನ್‌ನಲ್ಲಿ ಅವು ಕಮ್ಮಿ, ಗ್ರಾಫ್ ಬಲಕ್ಕೆ ಸಪಾಟು. ಯುರೋಪಿಯಂ ಅನ್ನು ಪ್ಲಾಜಿಯೋಕ್ಲೇಸ್ ಇಷ್ಟಪಡುತ್ತದೆ. ಎಕ್ಲೋಜೈಟ್‌ನಲ್ಲಿ ಪ್ಲಾಜಿಯೋಕ್ಲೇಸ್ ಇರುವುದಿಲ್ಲ. ಹಾಗಾಗಿ ಗ್ರಾಫ್‌ನಲ್ಲಿ ಯುರೋಪಿಯಂ ಜಾಗದಲ್ಲಿ ಕುಳಿ ಬೀಳುವುದಿಲ್ಲ. ಎರಡೂ ಲಕ್ಷಣ ಒಟ್ಟಿಗೆ ಇದ್ದರೆ ಎಕ್ಲೋಜೈಟ್ ಸ್ಥಿತಿಯ ಜಿರ್ಕಾನ್ ಎನ್ನಲು ಒಳ್ಳೆ ಆಧಾರ. ಥೋರಿಯಂ–ಯುರೇನಿಯಂ ಅನುಪಾತ 0.1ಕ್ಕಿಂತ ಕಮ್ಮಿ ಇದ್ದರೆ ರೂಪಾಂತರದ್ದು ಎಂದು ಬರೆಯುವ ಅಭ್ಯಾಸವಿದೆ. ಅದನ್ನು ಸುಳಿವು ಎಂದಷ್ಟೇ ಇಟ್ಟುಕೊಳ್ಳಿ. ಅನುಪಾತ ಜಾಸ್ತಿ ಇರುವ ರೂಪಾಂತರ ಜಿರ್ಕಾನ್‌ಗಳೂ ಇವೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಎಂದರೆ ಜಿರ್ಕಾನ್ ಅಂಚಿನೊಳಗೇ ಸಿಕ್ಕಿಬಿದ್ದ ಓಂಫಸೈಟ್ ಅಥವಾ ಕೋಸೈಟ್. ಪಾಕಿಸ್ತಾನದ ಕಾಘಾನ್ ಕಣಿವೆಯ ಜಿರ್ಕಾನ್‌ಗಳಲ್ಲಿ ಕೋಸೈಟ್ ಇದೆ. ಆ ಭಾಗದ ವಯಸ್ಸು ಸುಮಾರು 4.6 ಕೋಟಿ ವರ್ಷ. ಭಾರತದ ಖಂಡದ ಅಂಚು ಆಗ ಸುಮಾರು 100 ಕಿಲೋಮೀಟರ್ ಆಳದಲ್ಲಿತ್ತು ಎಂದು ಧೈರ್ಯವಾಗಿ ಹೇಳಬಹುದು. ಒತ್ತಡದ ಗುರುತು ಮತ್ತು ವಯಸ್ಸು ಎರಡೂ ಒಂದೇ ಹರಳಿನಲ್ಲಿವೆ, ಇನ್ನೇನು ಬೇಕು ಅಲ್ವಾ?

ಗಾರ್ನೆಟ್: ಸ್ವಚ್ಛ ಹರಳು ಆರಿಸುವುದೇ ಕೆಲಸ

ಗಾರ್ನೆಟ್ ವಿಧಾನದ ದೊಡ್ಡ ಅನುಕೂಲ ಏನೆಂದರೆ, ಒತ್ತಡ–ಬಿಸಿ ಲೆಕ್ಕ ಹಾಕಿದ್ದೂ ಅದೇ ಖನಿಜದಿಂದ, ವಯಸ್ಸು ಬರುವುದೂ ಅದರಿಂದಲೇ. ಕಲ್ಲನ್ನು ಒರಟಾಗಿ ಒಡೆದು, ಮೈಕ್ರೋಸ್ಕೋಪ್ ಕೆಳಗೆ ಚಿಮುಟದಲ್ಲಿ ಹರಳು ಹರಳಾಗಿ ಆರಿಸಬೇಕು. ಕಪ್ಪು ಚುಕ್ಕಿ, ಮಬ್ಬು, ಬಿರುಕಿನಲ್ಲಿ ಕಂದು ಕಲೆ ಇರುವುದನ್ನೆಲ್ಲ ಬಿಡಿ. ಬೇಸರ ತರಿಸುವ ಕೆಲಸ ನಿಜ. ಆದರೆ ಯಂತ್ರದಲ್ಲಿ ಎಷ್ಟು ಹೊತ್ತು ಕೂತರೂ ಇಲ್ಲಿ ಬಿಟ್ಟದ್ದನ್ನು ಸರಿಪಡಿಸಲಾಗದು.

ಒಳಗೆ ಅಡಗಿದ ಜಿರ್ಕಾನ್ ಚೂರುಗಳು ಹಾಫ್ನಿಯಂ ತುಂಬಿಕೊಂಡಿರುತ್ತವೆ, ಅದೂ ಹಳೇ ಹಾಫ್ನಿಯಂ. ಅವು ಕರಗಿ ಸೇರಿದರೆ ಲೆಕ್ಕ ಹಾಳು. ಅದಕ್ಕೆ ಗಾರ್ನೆಟ್ಟನ್ನು ಬಿಸಿ ತಟ್ಟೆಯ ಮೇಲೆ ಟೆಫ್ಲಾನ್ ಬಟ್ಟಲಿನಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಗಾರ್ನೆಟ್ ಕರಗುತ್ತದೆ, ಜಿರ್ಕಾನ್ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಅಧಿಕ ಒತ್ತಡದ ಬಾಂಬ್ (ಬಿಗಿಯಾಗಿ ಮುಚ್ಚಿ ಬಿಸಿಮಾಡುವ ಪಾತ್ರೆ) ಬಳಸಿದರೆ ಜಿರ್ಕಾನ್ ಕೂಡ ಕರಗಿಬಿಡುತ್ತದೆ. ಇಡೀ ಕಲ್ಲಿನ ಪುಡಿಯನ್ನು ಎರಡೂ ಬಗೆಯಲ್ಲಿ ಕರಗಿಸಿ ನೋಡಿದರೆ ಹಳೇ ಜಿರ್ಕಾನ್ ಎಷ್ಟು ತೊಂದರೆ ಕೊಡುತ್ತಿದೆ ಎಂದು ಗೊತ್ತಾಗುತ್ತದೆ. ಸಮೇರಿಯಂ–ನಿಯೋಡೈಮಿಯಂಗೆ ಕಾಟ ಕೊಡುವುದು ಅಪಟೈಟ್, ಮೊನಜೈಟ್‌ನಂಥ ಫಾಸ್ಫೇಟ್‌ಗಳು. ಅವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಮೊದಲೇ ತೊಳೆದು ತೆಗೆಯುತ್ತಾರೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮ ದಾಟಿ ಮೂಳೆಯ ತನಕ ಹೋಗುವಂಥದ್ದು. ತರಬೇತಿ ಇಲ್ಲದೆ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಂತೆ ಇಟ್ಟುಕೊಳ್ಳದೆ ಬಾಟಲಿ ಮುಟ್ಟಲೇಬೇಡಿ.

ಗಾರ್ನೆಟ್‌ನ ಹಲವು ಭಾಗಗಳು, ಇಡೀ ಕಲ್ಲು, ಸಾಧ್ಯವಾದರೆ ಓಂಫಸೈಟ್, ಇವುಗಳ ಬಿಂದುಗಳನ್ನು ಗ್ರಾಫ್‌ನಲ್ಲಿ ಹಾಕಿ ನೇರ ಗೆರೆ ಎಳೆದರೆ ಅದೇ ಐಸೋಕ್ರಾನ್. ಗೆರೆಯ ಓರೆಯೇ ವಯಸ್ಸು. ಎರಡೇ ಬಿಂದು ಇದ್ದರೆ ಗೆರೆ ಯಾವಾಗಲೂ ನೇರವೇ! ಅದರಿಂದ ಏನೂ ಸಾಬೀತಾಗುವುದಿಲ್ಲ. ಮೂರು ನಾಲ್ಕು ಗಾರ್ನೆಟ್ ಬಿಂದುಗಳಾದರೂ ಇರಲಿ.

ಈಗ ಗಾರ್ನೆಟ್‌ನ ಆ ರಾಸಾಯನಿಕ ನಕ್ಷೆಗೆ ಬನ್ನಿ. ಲುಟೀಷಿಯಂ ಸಾಮಾನ್ಯವಾಗಿ ಗಾರ್ನೆಟ್‌ನ ನಡುಭಾಗದಲ್ಲಿ ಸೇರಿಕೊಳ್ಳುತ್ತದೆ. ಸಮೇರಿಯಂ ಅಂಚಿನ ಕಡೆಗೆ ಹೆಚ್ಚು ಹರಡಿರುತ್ತದೆ. ಹಾಗಾಗಿ ಒಂದೇ ಹರಳಿನಲ್ಲಿ ಲುಟೀಷಿಯಂ ವಯಸ್ಸು ಶುರುವಿನ ಕಡೆಗೆ, ಸಮೇರಿಯಂ ವಯಸ್ಸು ಕೊನೆಯ ಕಡೆಗೆ ವಾಲುತ್ತದೆ. ಲಾಗೋ ಡಿ ಚಿನ್ಯಾನಾದ 4.9 ಮತ್ತು 4.1 ಕೋಟಿ ನಡುವಿನ ಅಂತರಕ್ಕೆ ಇದೇ ಕಾರಣ. ಆ ಅಂತರದಿಂದಲೇ ಗಾರ್ನೆಟ್ ಎಷ್ಟು ಕಾಲ ಬೆಳೆಯಿತು ಎಂಬ ಅಂದಾಜು ಸಿಗುತ್ತದೆ. ಗಾರ್ನೆಟ್ ಅಂಚು ಆಮೇಲೆ ಕರಗಿ, ಲುಟೀಷಿಯಂ ಮಾತ್ರ ಒಳಕ್ಕೆ ವಾಪಸ್ಸಾಗಿದ್ದರೆ ವಯಸ್ಸು ನಿಜಕ್ಕಿಂತ ಕಮ್ಮಿ ಬರುತ್ತದೆ. ಅಂಚಿನಲ್ಲಿ ಲುಟೀಷಿಯಂ ದಿಢೀರ್ ಏರಿದ್ದು ಕಂಡರೆ ಆ ಮಾದರಿಯನ್ನು ಅನುಮಾನದಿಂದಲೇ ನೋಡಿ.

ಮೈಕಾ ಹೇಳಿದ್ದನ್ನು ನಂಬಿದಾಗ

ಡೋರಾ ಮೈರಾದ ಕಥೆ ಈ ವಿಷಯ ಕಲಿಯುವ ಎಲ್ಲರಿಗೂ ಗೊತ್ತಿರಬೇಕು. ಅಲ್ಲಿನ ಫೆಂಗೈಟ್ ಆರ್ಗಾನ್ ವಯಸ್ಸು ಸುಮಾರು 10 ಕೋಟಿ ವರ್ಷ ಬಂದಿತ್ತು. ಆಲ್ಪ್ಸ್‌ನ ಅಧಿಕ ಒತ್ತಡದ ಘಟನೆ ಡೈನೋಸಾರ್‌ಗಳ ಕಾಲದ್ದು ಎಂಬ ಇಡೀ ಚಿತ್ರಕ್ಕೆ ಅದು ಹೊಂದಿಕೊಂಡಿತು. ಆಮೇಲೆ ಅದೇ ಕಲ್ಲುಗಳ ಜಿರ್ಕಾನ್ ಅಳೆದರು. ಬಂದದ್ದು 3.5 ಕೋಟಿ ವರ್ಷ. ಮೂರು ಪಟ್ಟು ವ್ಯತ್ಯಾಸ!

ಕಾರಣ ಹೀಗಿದೆ. ಅಷ್ಟು ಆಳದಲ್ಲಿ ದ್ರವ ಕಮ್ಮಿ. ಹಳೇ ಖನಿಜಗಳಿಂದ ಬಿಡುಗಡೆಯಾದ ಆರ್ಗಾನ್‌ಗೆ ಹೊರಗೆ ಹೋಗಲು ದಾರಿಯಿಲ್ಲ. ಮುಚ್ಚಳ ಬಿಗಿದ ಪಾತ್ರೆಯ ಹಬೆಯಂತೆ ಅಲ್ಲೇ ಸುತ್ತುತ್ತಿರುತ್ತದೆ. ಹೊಸದಾಗಿ ಬೆಳೆಯುವ ಫೆಂಗೈಟ್ ಅದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಯಂತ್ರಕ್ಕೆ ಆ ಆರ್ಗಾನ್ ಯಾವಾಗ ಹುಟ್ಟಿತೆಂದು ಗೊತ್ತಾಗದು, ಎಲ್ಲವನ್ನೂ ವಯಸ್ಸಿಗೆ ಸೇರಿಸುತ್ತದೆ. ಹಂತ ಹಂತವಾಗಿ ಬಿಸಿಮಾಡಿ ಅಳೆದಾಗ ಸಪಾಟಾದ ಗೆರೆ ಬಂತೆಂದು ಸಮಾಧಾನಪಡಬೇಡಿ. ಹೆಚ್ಚುವರಿ ಆರ್ಗಾನ್ ಸಮವಾಗಿ ಹರಡಿದ್ದರೂ ಗೆರೆ ಸಪಾಟೇ. ಮೈಕಾ ಆರ್ಗಾನ್ ವಿಧಾನ ಬೇಡವೆಂದಲ್ಲ. ಮೇಲೇರಿ ತಣಿದ ಕಾಲ ಹೇಳಲು, ಅದರಲ್ಲೂ ದ್ರವ ಹರಿದು ಮರುಹರಳಾದ ಕಲ್ಲುಗಳಲ್ಲಿ, ಅದು ಒಳ್ಳೆಯದೇ. ಜಿರ್ಕಾನ್ ಅಥವಾ ಗಾರ್ನೆಟ್ ವಯಸ್ಸಿಗಿಂತ ಮೈಕಾ ಹಳೆಯದಾಗಿ ಬಂದರೆ ಮಾತ್ರ ಅಲ್ಲೇ ನಿಲ್ಲಿ.

ಒಂದೇ ಬೆಟ್ಟ, ಬೇರೆ ಬೇರೆ ವಯಸ್ಸು

ಲಡಾಖ್‌ನ ತ್ಸೋ ಮೊರಿರಿ ಎಕ್ಲೋಜೈಟ್‌ಗಳ ಬಗ್ಗೆ ವಾದ ನಡೆದೇ ಇದೆ. 2000ರಲ್ಲಿ ಮೊದಲ ಅಳತೆಗಳು ಸುಮಾರು 5.5 ಕೋಟಿ ವರ್ಷ ಕೊಟ್ಟವು. ಅವುಗಳಲ್ಲಿ ಕೆಲವಕ್ಕೆ ಒಂದು ಕೋಟಿ ವರ್ಷ ಮೀರಿದ ದೋಷಮಿತಿ ಇತ್ತು. ನಂತರ ಜಿರ್ಕಾನ್ ಚುಕ್ಕಿ ಅಳತೆಗಳು ಸುಮಾರು 5.3 ಕೋಟಿ ಎಂದವು. 2013ರಲ್ಲಿ ಎಕ್ಲೋಜೈಟ್ ಜಿರ್ಕಾನ್‌ಗಳಿಂದ 4.7–4.3 ಕೋಟಿ ಎಂಬ ವಯಸ್ಸೂ ಬಂತು. ಭಾರತ ಮತ್ತು ಏಷ್ಯಾ ಯಾವಾಗ ಡಿಕ್ಕಿ ಹೊಡೆದವು ಎಂಬ ಪ್ರಶ್ನೆ ಇದರ ಮೇಲೆ ನಿಂತಿದೆ.

ಇಂಥ ಕಡೆ ಸರಾಸರಿ ತೆಗೆಯುವುದು ಸುಲಭದ ದಾರಿ, ಆದರೆ ತಪ್ಪು ದಾರಿ. ಪ್ರತಿ ವಯಸ್ಸಿನ ಪಕ್ಕದಲ್ಲಿ ಮೂರು ವಿಷಯ ಬರೆಯಿರಿ: ಯಾವ ಕಲ್ಲು, ಯಾವ ಖನಿಜದ ಯಾವ ಭಾಗ, ಒತ್ತಡಕ್ಕೆ ಕೊಟ್ಟ ಸಾಕ್ಷಿ ಏನು. ನೈಸ್‌ನಿಂದ ತೆಗೆದ ಜಿರ್ಕಾನ್ ಮತ್ತು ಎಕ್ಲೋಜೈಟ್ ಒಳಗಿನ ಜಿರ್ಕಾನ್ ಒಂದೇ ಗಳಿಗೆಯಲ್ಲಿ ಬೆಳೆಯಬೇಕೆಂದೇನೂ ಇಲ್ಲ. ಸಾಕ್ಷಿ ಇಲ್ಲದ ವಯಸ್ಸನ್ನು ಪಟ್ಟಿಯಿಂದ ತೆಗೆಯಬೇಡಿ, ಆದರೆ ಅದರ ಮೇಲೆ ಮನೆ ಕಟ್ಟಲೂ ಬೇಡಿ.

ಮೂಲ ಹುಡುಕುವುದು: ಕಲ್ಲು ಮೊದಲು ಏನಾಗಿತ್ತು?

ಇಲ್ಲಿಂದ ಕೆಲಸದ ಇನ್ನೊಂದು ಅರ್ಧ. ಎಕ್ಲೋಜೈಟ್‌ನ ಮೂಲ ಸಾಗರದ ಬಸಾಲ್ಟ್ ಇರಬಹುದು, ಕರಗಿದ ಕಲ್ಲು ಖಂಡದ ಬಿರುಕಿಗೆ ನುಗ್ಗಿ ಗಟ್ಟಿಯಾದ ಡೈಕ್ ಇರಬಹುದು, ದ್ವೀಪಮಾಲೆಯ ಜ್ವಾಲಾಮುಖಿ ಇರಬಹುದು.

ಮೊದಲು ಇಡೀ ಕಲ್ಲಿನ ರಾಸಾಯನಿಕ ವಿಶ್ಲೇಷಣೆ. ಆಳದಲ್ಲಿ ದ್ರವ ಹರಿದಾಗ ಪೊಟ್ಯಾಸಿಯಂ, ರುಬಿಡಿಯಂ, ಬೇರಿಯಂ, ಸೋಡಿಯಂ ಸುಲಭವಾಗಿ ಜಾಗ ಬದಲಿಸುತ್ತವೆ. ಅವುಗಳಿಂದ ಮೂಲ ಹೇಳಲು ಹೋಗಬೇಡಿ. ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ, ನಯೋಬಿಯಂ, ಭಾರದ ವಿರಳ ಮೃತ್ತಿಕಾ ಧಾತುಗಳು ಜಾಗ ಬಿಟ್ಟು ಕದಲುವುದು ಕಮ್ಮಿ. ಹಗುರ ವಿರಳ ಮೃತ್ತಿಕೆಗಳು ಕಮ್ಮಿ ಇದ್ದರೆ ಸಾಗರ ಮಧ್ಯದ ಏಣಿನ ಬಸಾಲ್ಟ್ ಕಡೆ ನೋಡಿ. ನಯೋಬಿಯಂ ಕುಳಿ ಬಿದ್ದು ಥೋರಿಯಂ ಏರಿದ್ದರೆ ದ್ವೀಪಮಾಲೆ, ಇಲ್ಲವೇ ಖಂಡದ ತೊಗಟೆ ಬೆರೆತಿದೆ. ಇವೆರಡನ್ನು ಬೇರೆ ಮಾಡಲು ನಿಯೋಡೈಮಿಯಂ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪ) ಅಳತೆ ಬೇಕು. ಹೆಸರಾಂತ ತ್ರಿಕೋನ ಗ್ರಾಫ್ ಒಂದರಲ್ಲಿ ಬಿಂದು ಬಿದ್ದ ಜಾಗ ನೋಡಿ ತೀರ್ಪು ಕೊಡಬೇಡಿ.

ತ್ಸೋ ಮೊರಿರಿಯಲ್ಲಿ ಈ ದಾರಿ ಚೆನ್ನಾಗಿ ಕೆಲಸ ಮಾಡಿತು. ಎಕ್ಲೋಜೈಟ್‌ಗಳ ರಸಾಯನ ಕಾಶ್ಮೀರದ ಪಂಜಾಲ್ ಟ್ರ್ಯಾಪ್ ಬಸಾಲ್ಟ್‌ಗಳಿಗೆ ಹೋಲುತ್ತದೆ. ಆ ಬಸಾಲ್ಟ್ ಹರಿದದ್ದು ಸುಮಾರು 29 ಕೋಟಿ ವರ್ಷದ ಹಿಂದೆ. ಸುತ್ತಲಿನ ನೈಸ್‌ನ ಮೂಲ ಪೊಲೊಕೊಂಗ್ಕಾ ಲಾ ಗ್ರಾನೈಟ್, ಅದರ ವಯಸ್ಸು ಸುಮಾರು 48 ಕೋಟಿ. ಎರಡೂ ಭಾರತ ಖಂಡದ ಉತ್ತರ ಅಂಚಿನವು. ಅಂದರೆ ಆಳಕ್ಕೆ ಹೋದದ್ದು ಬರೀ ಸಾಗರದ ತಳವಲ್ಲ, ಖಂಡವೇ.

ಆಕ್ಸಿಜನ್ ಐಸೊಟೋಪ್ ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. ತಾಜಾ ಬಸಾಲ್ಟ್‌ನ ಡೆಲ್ಟಾ ಆಕ್ಸಿಜನ್-18 ಮೌಲ್ಯ (ಭಾರದ ಆಕ್ಸಿಜನ್‌ನ ಪಾಲು ಸಮುದ್ರದ ನೀರಿಗಿಂತ ಎಷ್ಟು ಹೆಚ್ಚು ಎಂಬ ಅಳತೆ) ಸಾವಿರಕ್ಕೆ ಸುಮಾರು 5.7. ಸಮುದ್ರದ ನೀರಿನ ಜೊತೆ ತಣ್ಣಗೆ ಬೆರೆತರೆ ಮೌಲ್ಯ ಏರುತ್ತದೆ, ಬಿಸಿಯಾಗಿ ಬೆರೆತರೆ ಇಳಿಯುತ್ತದೆ. ಚೀನಾದ ದಾಬಿಯೆ–ಸುಲು ಪಟ್ಟಿಯ ಕೆಲವು ಎಕ್ಲೋಜೈಟ್‌ಗಳಲ್ಲಿ ಅದು ಮೈನಸ್ 10ರ ತನಕ ಇಳಿದಿದೆ. ಸಮುದ್ರದ ನೀರಿಂದ ಇದು ಸಾಧ್ಯವೇ ಇಲ್ಲ. ತಣ್ಣನೆ ಹವೆಯಲ್ಲಿ ಬಿದ್ದ ಮಳೆ ಅಥವಾ ಹಿಮದ ನೀರು ಕಲ್ಲಿನೊಳಗೆ ಬಿಸಿಯಾಗಿ ಹರಿದಿರಬೇಕು. ಅಲ್ಲಿನ ಮೂಲ ಕಲ್ಲು 75–78 ಕೋಟಿ ವರ್ಷದ್ದು, ಆಳಕ್ಕೆ ಹೋದದ್ದು 24–22.5 ಕೋಟಿ ವರ್ಷದ ಹಿಂದೆ. ಅಂದರೆ 50 ಕೋಟಿ ವರ್ಷ ಮೇಲಿದ್ದು, ಆಮೇಲೆ 100 ಕಿಲೋಮೀಟರ್ ಆಳ ನೋಡಿ ಬಂದರೂ ಆ ಹಳೇ ನೀರಿನ ಗುರುತು ಅಳಿಸಿಹೋಗಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಜೊತೆಗಿರುವ ಶಿಸ್ಟ್ ಮೊದಲು ಮರಳು ಅಥವಾ ಕೆಸರಾಗಿದ್ದರೆ, ಅದರ ಜಿರ್ಕಾನ್ ನಡುಭಾಗಗಳನ್ನು ನೂರರ ಲೆಕ್ಕದಲ್ಲಿ ಅಳೆಯಿರಿ. ಯಾವ ಖಂಡದಿಂದ ಮರಳು ಬಂತು ಎಂಬ ವಯಸ್ಸಿನ ಹಂಚಿಕೆ ಸಿಗುತ್ತದೆ. ಅದರಲ್ಲಿ ಅತಿ ಕಿರಿಯ ಗುಂಪಿಗಿಂತ ಕೆಸರು ಹಳೆಯದಾಗಿರಲು ಸಾಧ್ಯವಿಲ್ಲ. ರೂಪಾಂತರದ ಅಂಚುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಈಗ ಆ ಮೂರನೇ ಚೀಲ ತೆರೆಯಿರಿ, ಸುತ್ತಲಿನ ನೈಸ್‌ದು. ನೈಸ್‌ನ ದೊಡ್ಡ ಖನಿಜಗಳಲ್ಲಿ ಅಧಿಕ ಒತ್ತಡದ ಗುರುತು ಸಾಮಾನ್ಯವಾಗಿ ಅಳಿಸಿರುತ್ತದೆ. ಹಾಗೆಂದು ಅದು ಆಳಕ್ಕೆ ಹೋಗಿಲ್ಲ ಎನ್ನಲಾಗದು. ಸುಲು ಪ್ರದೇಶದಲ್ಲಿ ಸಾಮಾನ್ಯ ನೈಸ್‌ನ ಜಿರ್ಕಾನ್ ಒಳಗೂ ಕೋಸೈಟ್ ಸಿಕ್ಕಿತು. ಎಕ್ಲೋಜೈಟ್ ಗುಂಡುಗಳಷ್ಟೇ ಅಲ್ಲ, ಸುತ್ತಲಿನ ಇಡೀ ತೊಗಟೆ ಹಾಳೆಯೇ ಕೆಳಗೆ ಹೋಗಿ ಬಂದಿತ್ತು ಎಂದು ಅದರಿಂದ ಗೊತ್ತಾಯಿತು. ನೈಸ್ ಮತ್ತು ಎಕ್ಲೋಜೈಟ್ ಎರಡರಲ್ಲೂ ಒಂದೇ ವಯಸ್ಸು, ಒಂದೇ ಒತ್ತಡ ಸಿಕ್ಕರೆ ಒಟ್ಟಿಗೇ ಹೋದವು ಎನ್ನಬಹುದು.

ವೇಗದ ಲೆಕ್ಕ, ಮತ್ತು ಬರೆದಿಡುವುದು

ಒತ್ತಡಕ್ಕೆ ಕಟ್ಟಿದ ಎರಡು ಮೂರು ವಯಸ್ಸು ಇದ್ದರೆ ಕಲ್ಲು ಎಷ್ಟು ವೇಗವಾಗಿ ಮೇಲೆ ಬಂತು ಎಂದೂ ಲೆಕ್ಕ ಹಾಕಬಹುದು. ಡೋರಾ ಮೈರಾದ ಟೈಟನೈಟ್ ಎಂಬ ಖನಿಜದ ಅಳತೆಗಳು ಇದಕ್ಕೆ ಒಳ್ಳೆ ಮಾದರಿ. ಸುಮಾರು 3.5 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ 3.51 ಕೋಟಿ ವರ್ಷ, ಮೇಲೇರುವ ದಾರಿಯಲ್ಲಿ 3.29 ಮತ್ತು 3.18 ಕೋಟಿ. ಮೊದಲ ಭಾಗದಲ್ಲಿ ವರ್ಷಕ್ಕೆ 3.4 ಸೆಂಟಿಮೀಟರ್ ವೇಗ, ಆಮೇಲೆ 1.6. ಆದರೆ ಎರಡು ವಯಸ್ಸಿನ ಅಂತರ ದೋಷಮಿತಿಗಿಂತ ಚಿಕ್ಕದಾಗಿದ್ದರೆ ವೇಗದ ಅಂಕಿ ಬರೆಯಬೇಡಿ. ಒತ್ತಡವನ್ನು ಆಳಕ್ಕೆ ಬದಲಿಸುವಾಗ 1 ಗಿಗಾಪ್ಯಾಸ್ಕಲ್‌ಗೆ 30–35 ಕಿಲೋಮೀಟರ್ ಎಂದು ಹಿಡಿಯುತ್ತಾರೆ. ನೀವು ಯಾವ ಅಂಕಿ ಹಿಡಿದಿರಿ ಎಂದು ಹೇಳಿ.

ವರದಿಯಲ್ಲಿ ಯಾವ ಕ್ಷಯ ಸ್ಥಿರಾಂಕ (ಮೂಲವಸ್ತು ಬದಲಾಗುವ ವೇಗದ ಅಂಕಿ) ಬಳಸಿದಿರಿ ಎಂಬುದನ್ನೂ ಬರೆಯಲೇಬೇಕು. ಲುಟೀಷಿಯಂಗೆ 1990ರ ದಶಕದ ಲೇಖನಗಳು ಈಗಿನದಕ್ಕಿಂತ ಸುಮಾರು 4 ಶೇಕಡಾ ದೊಡ್ಡ ಸ್ಥಿರಾಂಕ ಬಳಸಿವೆ. ಅಲ್ಲಿ 5 ಕೋಟಿ ಎಂದಿದ್ದರೆ ಈಗಿನ ಲೆಕ್ಕದಲ್ಲಿ ಅದು ಸುಮಾರು 5.2 ಕೋಟಿ. ಹಳೇ ವಯಸ್ಸನ್ನು ಹೊಸದರ ಪಕ್ಕ ಇಡುವ ಮುಂಚೆ ಈ ತಿದ್ದುಪಡಿ ಮಾಡಿ. ಚುಕ್ಕಿ ಇಟ್ಟ ಪ್ರತಿ ಜಿರ್ಕಾನ್‌ನ ಚಿತ್ರ, ಬಿಟ್ಟುಹಾಕಿದ ಚುಕ್ಕಿಗಳ ಅಂಕಿ, ಬಿಟ್ಟದ್ದಕ್ಕೆ ಕಾರಣ, ಇವೆಲ್ಲ ಕೋಷ್ಟಕದಲ್ಲಿರಲಿ. ಉಳಿದ ಕಲ್ಲಿನ ಅರ್ಧ ತುಂಡನ್ನು ಗುರುತು ಹಾಕಿ ಕಪಾಟಿನಲ್ಲಿ ಇಟ್ಟುಬಿಡಿ. ನಾಳೆ ಯಾರೋ ಬೇರೆ ವಿಧಾನದಲ್ಲಿ ಅದೇ ಕಲ್ಲನ್ನು ಅಳೆಯಲು ಕೇಳುತ್ತಾರೆ.